ಖಾಲಿ ಕಾರಿನ ಮರ್ಯಾದೆ

ಕಿಬುರು ಊರಿನಲ್ಲಿ ಗಚಾಂಜನ ಹೆಸರೆತ್ತಿದರೆ ಜನ ಮೊದಲು ಪಕ್ಕಕ್ಕೆ ಉಗುಳುತ್ತಾರೆ, ಆಮೇಲೆ ಮಾತಿಗೆ ಕೂರುತ್ತಾರೆ. ಸಾಯುತ್ತಿದ್ದ ಹೆಂಡತಿಯನ್ನು ಆಸ್ಪತ್ರೆಗೆ ಒಯ್ಯುವಾಗಲೂ ದಾರಿಯಲ್ಲಿ ಜನರನ್ನು ತುಂಬಿಕೊಂಡು ಬಾಡಿಗೆ ವಸೂಲಿ ಮಾಡಿದ ಮಹಾನುಭಾವ ಎನ್ನುತ್ತಾರೆ. ತುಂಬಿಕೊಂಡದ್ದು ನಿಜ, ದುಡ್ಡು ಇಸಿದುಕೊಂಡದ್ದೂ ನಿಜ. ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ಆದರೆ ಇವರಿಗೆ ಅಷ್ಟು ಸಾಕು, ಬಾಯಿಗೆ ಸಿಕ್ಕಷ್ಟನ್ನೇ ಜಗಿದುಕೊಂಡು ಸುಖವಾಗಿರುವ ಜನ.

ಐವತ್ತು ದಾಟಿದ, ಉದ್ದ ಕಾಲಿನ, ಸ್ಟೇರಿಂಗಿನ ಮೇಲೆ ಬಾಗಿ ಬಾಗಿ ಬೆನ್ನು ಗೂನಾದ ಮನುಷ್ಯ ಗಚಾಂಜ. ಎಳೆಯ ವಯಸ್ಸಿನಲ್ಲಿ ಆಲೂಗಡ್ಡೆ ಲಾರಿಗಳ ಹಿಂದೆ ನೇತಾಡಿದ, ಆಮೇಲೆ ಕಂಡವರ ವ್ಯಾನು ಓಡಿಸಿದ, ಕೊನೆಗೆ ಸ್ವಂತಕ್ಕೊಂದು ಹಳೆಯ ಬಿಳಿ ಪ್ರೋಬಾಕ್ಸ್ ಕಾರು ಮಾಡಿಕೊಂಡ. ದಿನಾ ಕಿಬುರಿನಿಂದ ಓಲ್ ಕಲೋ ಪೇಟೆಗೆ, ಪೇಟೆಯಿಂದ ಕಿಬುರಿಗೆ. ಐದು ಜನಕ್ಕೆಂದು ಮಾಡಿದ ಕಾರಿನಲ್ಲಿ ಒಂಬತ್ತು ಜನ, ಕೆಲವೊಮ್ಮೆ ಹತ್ತು, ಜತೆಗೆ ಎಲೆಕೋಸಿನ ಮೂಟೆ, ಕೋಳಿ, ಹಾಲಿನ ಕ್ಯಾನು. ರಸ್ತೆಯೆಂದರೆ ಮಳೆಗಾಲದಲ್ಲಿ ಕರಿಮಣ್ಣಿನ ಕೆಸರು, ಬೇಸಿಗೆಯಲ್ಲಿ ಅದೇ ಕೆಸರು ಒಣಗಿ ಕಲ್ಲಾಗಿ ನಿಂತ ಚಕ್ರದ ಗುರುತುಗಳು. ಪ್ರತಿ ಚುನಾವಣೆಗೂ ಡಾಂಬರು ಬರುತ್ತದೆ, ಭಾಷಣದಲ್ಲಿ.

ಅವನಿಗೊಂದು ಚಟವಿತ್ತು. ಕುಡಿತವಲ್ಲ, ಹೆಂಗಸರಲ್ಲ. ಜನ ತನ್ನ ಬಗ್ಗೆ ಏನು ಅಂದುಕೊಳ್ಳುತ್ತಾರೆ ಎಂಬ ಚಟ. ಇಸ್ತ್ರಿಯಿಲ್ಲದ ಅಂಗಿ ತೊಟ್ಟು ಹೊರಗೆ ಬೀಳುತ್ತಿರಲಿಲ್ಲ. ಭಾನುವಾರ ಚರ್ಚಿಗೆ ಹೊರಡುವ ಮುಂಚೆ ಕಾರು ತೊಳೆಯಲೇಬೇಕು, ಅದು ಗೇಟು ದಾಟುವಷ್ಟರಲ್ಲಿ ಮತ್ತೆ ಕೆಸರಾಗುತ್ತದೆಂದು ಗೊತ್ತಿದ್ದರೂ. ಹೆಂಡತಿ ವಾರಿಗಿಯ ಇದನ್ನು ನೋಡಿ ನಗುತ್ತಿದ್ದಳು. ಅವಳು ಹೊಲಹೊಲ ಅಲೆದು ಆಲೂಗಡ್ಡೆ ಖರೀದಿಸಿ ಲಾರಿಯವರಿಗೆ ಮಾರುವವಳು, ಗಂಡಸರ ಜತೆ ಜಗಳವಾಡಿ ಗೆದ್ದು ಅಭ್ಯಾಸವಾದವಳು.

"ನಿನ್ನ ಹೆಣ ಇಟ್ಟಾಗಲೂ ಎದ್ದು ನೋಡ್ತೀಯ, ಎಷ್ಟು ಜನ ಬಂದಿದ್ದಾರೆ ಅಂತ," ಅನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಕಾರಿನ ಹಿಂದಿನ ಸ್ಪ್ರಿಂಗುಗಳು ಕೂತುಬಿಟ್ಟವು. ಜನ ಹತ್ತಿದರೆ ಕಾರಿನ ಹಿಂಭಾಗ ನೆಲಕ್ಕೆ ತಾಗುತ್ತಿತ್ತು, ಪ್ರತಿ ಹೊಂಡದಲ್ಲೂ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು. ಗಂಡ ಹೆಂಡತಿ ಇಬ್ಬರೂ ಓಲ್ ಕಲೋ ಪೇಟೆಯ ಮೆಕ್ಯಾನಿಕ್ ಮುರಿಯೂಕಿಯ ಹತ್ತಿರ ಹೋದರು. ಮುರಿಯೂಕಿ ಗೋಣಿಚೀಲ ಹಾಸಿ ಮೂರು ಜತೆ ಸಾಮಾನು ಇಟ್ಟ.

"ಇದು ಜಪಾನಲ್ಲಿ ಓಡಿ ಬಂದ ಹಳೇದು ಅಣ್ಣ. ಅಲ್ಲಿ ರಸ್ತೆ ಚೆನ್ನಾಗಿರುತ್ತೆ, ಅದಕ್ಕೇ ಇನ್ನೂ ಜೀವ ಉಳಿದಿದೆ. ಮೆತ್ತಗೆ ಹೋಗುತ್ತೆ. ಆದ್ರೆ ಒಂಬತ್ತು ಜನ ಹತ್ತಿಸಿದ್ರೆ ಮತ್ತೆ ನೆಲ ನೆಕ್ಕುತ್ತೆ. ಇದು ದುಬೈಯಿಂದ ಬಂದ ಹೊಸದು. ಡಬ್ಬ ಚೆನ್ನಾಗಿದೆ."

"ಡಬ್ಬದ ಮೇಲೆ ಕೂತ್ಕೊಂಡು ಹೋಗ್ತೀವಾ?" ಎಂದಳು ವಾರಿಗಿಯ.

"ಒಳಗಿರೋದು ಮಳೆಗಾಲದ ತನಕ ಅಕ್ಕ, ಸುಳ್ಳು ಯಾಕೆ ಹೇಳ್ಲಿ. ಈ ಮೂರನೇದು ನೋಡಿ. ದೊಡ್ಡ ವ್ಯಾನಿನ ಸ್ಪ್ರಿಂಗು, ಎಷ್ಟು ದಪ್ಪ ಇದೆ. ಜತೆಗೆ ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್. ಮೇಲೊಂದೊಂದು ಬಿಲ್ಲೆ ಇಟ್ರೆ ಕಾರು ನಾಲ್ಕು ಬೆರಳು ಎದ್ದು ನಿಲ್ಲುತ್ತೆ. ಹತ್ತು ಜನ ಕೂತ್ರೂ ಜಗ್ಗಲ್ಲ. ಆದ್ರೆ ಖಾಲಿ ಓಡಿಸಿದ್ರೆ ಕತ್ತೆ ಒದ್ದಂಗೆ ಒದೆಯುತ್ತೆ. ಭಾರ ಬಿದ್ರೇನೇ ಇದು ಬಗ್ಗೋದು. ತುಂಬಿದ ಕಾರಿಗೆ ಬೇಕಾ, ಖಾಲಿ ಕಾರಿಗೆ ಬೇಕಾ, ಅದನ್ನ ಹೇಳಿ. ಎರಡಕ್ಕೂ ಆಗೋ ಸ್ಪ್ರಿಂಗು ಇನ್ನೂ ಹುಟ್ಟಿಲ್ಲ."

ಗಚಾಂಜ ಮೂರನ್ನೂ ಎತ್ತಿ ನೋಡಿದ, ಒತ್ತಿ ನೋಡಿದ, ಮೂಸಿಯೂ ನೋಡಿದ. ಮೆತ್ತನೆಯ ಕಾರಿನಲ್ಲಿ ಹೆಂಡತಿ ಮಗಳ ಜತೆ ಚರ್ಚಿಗೆ ಹೋಗುವ ಆಸೆ ಒಂದು ಕಡೆ, ಹೊಟ್ಟೆಪಾಡು ಒಂದು ಕಡೆ. ತೀರ್ಮಾನ ಮಾಡಿದವಳು ವಾರಿಗಿಯ.

"ಖಾಲಿ ಓಡೋಕೆ ಇದೇನು ಗವರ್ನರ್ ಕಾರಾ? ದಪ್ಪದ್ದೇ ಹಾಕ್ಸು."

ಹಾಕಿ ಮುಗಿದ ಮೇಲೆ ಮುರಿಯೂಕಿ ಅವಳೊಬ್ಬಳನ್ನೇ ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೊಡೆದ. ಚರಂಡಿ ದಾಟುವಾಗ ಅವಳ ತಲೆ ಮೇಲಿನ ತಗಡಿಗೆ ಬಡಿದು, ತಲೆವಸ್ತ್ರ ಜಾರಿ ಮೂಗಿನ ಮೇಲೆ ಬಂತು. ಗ್ಯಾರೇಜಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ಅವಳೂ ನಕ್ಕಳು. ಬರುವಾಗ ಎಂಟು ಜನರನ್ನು ಹತ್ತಿಸಿಕೊಂಡರು. ಕಾರು ಅದೇ ರಸ್ತೆಯಲ್ಲಿ ತೊಟ್ಟಿಲು ತೂಗಿದಂತೆ ಬಂತು. ಮಾರನೆಯ ದಿನದಿಂದ ಸ್ಟೇಜಿನಲ್ಲಿ, ಅಂದರೆ ಕಾರುಗಳು ಜನರಿಗಾಗಿ ಕಾಯುವ ಜಾಗದಲ್ಲಿ, ಮುದುಕಿಯರು ಬೇರೆ ಕಾರು ಬಿಟ್ಟು ಗಚಾಂಜನ ಕಾರಿಗೇ ಕಾಯತೊಡಗಿದರು. ಗಚಾಂಜ ಅಂಗಿಯ ಕಾಲರು ಸರಿಮಾಡಿಕೊಂಡು ಓಡಾಡಿದ.

ಮರುವರ್ಷ ವಾರಿಗಿಯಳ ಎದೆಯಲ್ಲಿ ಗಡ್ಡೆ ಕಾಣಿಸಿತು. ನೋವಿಲ್ಲವಲ್ಲ ಎಂದು ಅವಳು ಆಲೂಗಡ್ಡೆ ಸುಗ್ಗಿ ಮುಗಿಯುವ ತನಕ ಬಾಯಿ ಬಿಡಲಿಲ್ಲ. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಅದು ಬೆನ್ನುಮೂಳೆಗೆ ಇಳಿದಿತ್ತು. ಡಾಕ್ಟರು ತಿಂಗಳಿಗೊಮ್ಮೆ ಬರಹೇಳಿದರು, ಸೂಜಿಮದ್ದಿಗೆ. ವಾಸಿಯಾಗುವುದಕ್ಕಲ್ಲ, ನೋವು ತಡೆಯುವುದಕ್ಕೆ. ಆ ನೋವು ತಡೆಯುವ ಮದ್ದಿಗೆ ಹೋಗುವ ದಾರಿಯೇ ಈ ರಸ್ತೆ.

ನಮ್ಮ ಕಡೆ ಒಂದು ಪದ್ಧತಿಯಿದೆ. ಕಾಯಿಲೆಯವರನ್ನು ಒಯ್ಯುವ ಕಾರಿಗೆ ಬೇರೆ ಯಾರನ್ನೂ ಹತ್ತಿಸುವುದಿಲ್ಲ. ಖಾಲಿ ಕಾರಿನಲ್ಲಿ ಒಬ್ಬರನ್ನೇ ಕೂರಿಸಿಕೊಂಡು ಹೋಗುವುದು ಮರ್ಯಾದೆ, ಹಾಗೆ ಮಾಡದವನು ಮನುಷ್ಯನಲ್ಲ. ಗಚಾಂಜ ಆ ಪದ್ಧತಿಯನ್ನು ತಲೆಯ ಮೇಲೆ ಹೊತ್ತು ನಡೆಸಿದ. ಆಸ್ಪತ್ರೆಯ ದಿನ ಬೆಳಿಗ್ಗೆಯೇ ಕಾರು ತೊಳೆದು, ಹಿಂದಿನ ಸೀಟಿಗೆ ಹೂವಿನ ಬೆಡ್‌ಶೀಟು ಹಾಸಿ, ದಿಂಬಿಟ್ಟು, ವಾರಿಗಿಯಳನ್ನು ಎತ್ತಿಕೊಂಡು ಬಂದು ಕೂರಿಸುತ್ತಿದ್ದ. ಸ್ಟೇಜಿನಲ್ಲಿ ಜನ ಕೈ ಅಡ್ಡ ಹಾಕಿದರೆ ಗಾಜು ಇಳಿಸಿ, "ಇವತ್ತು ಆಗಲ್ಲಮ್ಮ, ಮನೆಯವಳನ್ನ ಕರ್ಕೊಂಡು ಹೋಗ್ತಿದೀನಿ," ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ.

"ನೋಡ್ರೇ, ಗಂಡ ಅಂದ್ರೆ ಹೀಗಿರ್ಬೇಕು," ಎಂದು ಎಲೆಕೋಸು ಮಾರುವ ನ್ಯಾಗುಥಿ ಒಮ್ಮೆ ಸ್ಟೇಜಿನಲ್ಲಿ ಎಲ್ಲರೆದುರು ಹೇಳಿದಳು. "ಬಾಡಿಗೆ ಬಿಟ್ಟು ಹೆಂಡತಿಗೆ ಇಡೀ ಕಾರು ಕೊಟ್ಟಿದ್ದಾನೆ. ನನ್ನ ಗಂಡ ನನಗೆ ಸೈಕಲ್ಲಿನ ಕ್ಯಾರಿಯರ್ ಕೂಡ ಕೊಡಲಿಲ್ಲ."

ಗಚಾಂಜನ ಎದೆ ಉಬ್ಬಿತು. ಹಿಂದಿನ ಸೀಟಿನಲ್ಲಿ ವಾರಿಗಿಯ ಕಿಟಕಿಯ ಮೇಲಿನ ಹಿಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಶಾಲಿನ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಕೂತಿದ್ದಳು. ಕನ್ನಡಿಯಲ್ಲಿ ಅವನು ನೋಡಿದರೆ ಮುಖ ತಿರುಗಿಸುತ್ತಿದ್ದಳು. ಅವನು ಇನ್ನೂ ನಿಧಾನ ಮಾಡುತ್ತಿದ್ದ. ಅಷ್ಟೂ ಹೊಂಡಗಳನ್ನು ಅವನಿಂದ ತಪ್ಪಿಸಲಾಗುವುದೇ? ಒಂದು ತಪ್ಪಿಸಿದರೆ ಇನ್ನೊಂದು. ಮನೆಗೆ ಬಂದ ಮೇಲೆ ಅವಳಿಗೆ ಎರಡು ದಿನ ಹಾಸಿಗೆಯಿಂದ ಏಳಲಾಗುತ್ತಿರಲಿಲ್ಲ. ಮದ್ದು ಜೋರಾಗಿದೆ, ಅದಕ್ಕೇ ಸುಸ್ತು ಎಂದು ನೋಡಲು ಬಂದವರಿಗೆ ಗಚಾಂಜ ಹೇಳುತ್ತಿದ್ದ. ವಾರಿಗಿಯ ಹೌದು ಹೌದು ಎನ್ನುತ್ತಿದ್ದಳು. ಲಾರಿ ದಲ್ಲಾಳಿಗಳ ಬಾಯಿ ಮುಚ್ಚಿಸಿದ ಹೆಂಗಸು, ಅವಳೂ ಹೌದು ಹೌದು ಅಂದಳು.

ಕೊನೆಯ ಸಲ ಹೋದದ್ದು ಸಂತೆಯ ದಿನ. ಹಿಂದಿನ ದಿನದಿಂದ ಅವಳಿಗೆ ನೀರು ಕೂಡ ಗಂಟಲಿಳಿಯುತ್ತಿರಲಿಲ್ಲ. ಮೊದಲ ಇಳಿಜಾರಿನಲ್ಲಿ ಕಾರು ಎತ್ತಿ ಹಾಕಿದಾಗ ಅವಳ ಬಾಯಿಂದ ಒಂದು ಸದ್ದು ಬಂತು. ಮನುಷ್ಯರ ಸದ್ದಿನ ಹಾಗಿರಲಿಲ್ಲ. ಗಚಾಂಜ ಬ್ರೇಕ್ ಒತ್ತಿ ಹಿಂದಕ್ಕೆ ತಿರುಗಿದ.

"ತಬಿಥಾ ಅಪ್ಪಾ," ಎಂದಳು. ಮಗಳು ತಬಿಥಾ ಹುಟ್ಟಿದಂದಿನಿಂದ ಅವಳು ಅವನನ್ನು ಕರೆಯುತ್ತಿದ್ದದ್ದು ಹಾಗೆಯೇ. "ಜನರನ್ನ ಹತ್ತಿಸು."

"ಏನಂದೆ?"

"ಕಾರು ತುಂಬ್ಸು. ಭಾರ ಬೀಳ್ಲಿ ಇದರ ಮೇಲೆ."

"ಹುಚ್ಚು ಹಿಡೀತಾ ನಿಂಗೆ? ನೀನು ಈ ಸ್ಥಿತೀಲಿ ಇರುವಾಗ ನಾನು ಬಾಡಿಗೆ ಹೊಡೀಲಾ? ಜನ ಏನಂತಾರೆ?"

"ಒದೆಯೋದು ಜನರ ಬೆನ್ನಿಗಲ್ಲ," ಎಂದಳು ವಾರಿಗಿಯ. "ನನ್ನ ಬೆನ್ನಿಗೆ. ಹತ್ತಿಸು."

ಹತ್ತಿಸಿದ. ಸ್ಟೇಜಿನಲ್ಲಿ ಕಾರು ನಿಲ್ಲಿಸಿ, ಯಾರ ಮುಖವನ್ನೂ ನೋಡದೆ, "ಪೇಟೆ, ಪೇಟೆ," ಎಂದ. ಸಂತೆಗೆ ಹೊರಟವರು ಮುತ್ತಿಕೊಂಡರು. ಮುಂದೆ ಇಬ್ಬರು, ಹಿಂದೆ ವಾರಿಗಿಯಳ ಪಕ್ಕ ಮೂವರು, ಡಿಕ್ಕಿಯಲ್ಲಿ ಮೂವರು, ಅವರ ಕಾಲಡಿಗೆ ನ್ಯಾಗುಥಿಯ ಎಲೆಕೋಸಿನ ಮೂಟೆ. ನ್ಯಾಗುಥಿ ವಾರಿಗಿಯಳಿಗೆ ಅಂಟಿಕೊಂಡು ಕೂತಳು. ವಾರಿಗಿಯ ಕಣ್ಣಿನವರೆಗೆ ಕಂಬಳಿ ಹೊದ್ದಿದ್ದಳು, ಯಾರೆಂದು ನ್ಯಾಗುಥಿಗೆ ಗುರುತು ಹತ್ತಲಿಲ್ಲ. ಹತ್ತುವ ಹಾಗೂ ಇರಲಿಲ್ಲ, ಹೆಂಗಸು ಅರ್ಧ ಆಗಿಹೋಗಿದ್ದಳು.

"ಯಾರಿದು, ಬೆಳಿಗ್ಗೆ ಬೆಳಿಗ್ಗೆನೇ ಏರಿಸ್ಕೊಂಡು ಬಂದಿದ್ದಾಳಾ?" ಎಂದ ಡಿಕ್ಕಿಯಲ್ಲಿ ಕೂತವನೊಬ್ಬ. ಎಲ್ಲರೂ ನಕ್ಕರು. ಗಚಾಂಜ ಗೇರು ಹಾಕಿ ಕಾರು ಹೊರಡಿಸಿದ. ಹೇಳಿದರೆ ಏನೆಂದು ಹೇಳುವುದು? ಇವಳು ನನ್ನ ಹೆಂಡತಿ, ಸಾಯುತ್ತಿದ್ದಾಳೆ, ನೀವೆಲ್ಲ ಹತ್ತಿ ಎಂದೇ?

ಕಾರು ಕೆಳಗೆ ಕೂತಿತು. ಸ್ಪ್ರಿಂಗುಗಳು ಭಾರಕ್ಕೆ ಬಗ್ಗಿದವು. ಎರಡನೆಯ ಇಳಿಜಾರನ್ನು ಕಾರು ಮೆಲ್ಲಗೆ ತೂಗಿಕೊಂಡು ಇಳಿಯಿತು. ಗಚಾಂಜ ಕನ್ನಡಿಯಲ್ಲಿ ನೋಡಿದ. ವಾರಿಗಿಯ ಹಿಡಿಯಿಂದ ಕೈ ಬಿಟ್ಟಿದ್ದಳು. ತಿಂಗಳುಗಟ್ಟಲೆ ಗಂಟು ಹಾಕಿಕೊಂಡಿದ್ದ ಹುಬ್ಬು ಸಡಿಲಾಗಿತ್ತು. ಅವಳು ತಲೆಯನ್ನು ನ್ಯಾಗುಥಿಯ ಭುಜದ ಮೇಲಿಟ್ಟು ಕಣ್ಣು ಮುಚ್ಚಿದಳು. ನ್ಯಾಗುಥಿ ಮೂಗು ಮುರಿದಳು, ಆದರೆ ಭುಜ ಸರಿಸಲಿಲ್ಲ, ಸರಿಸಲು ಜಾಗವೂ ಇರಲಿಲ್ಲ. ಗಚಾಂಜನಿಗೆ ಅಳು ಬಂತು. ಸಂತೋಷದ ಅಳುವೇ. ಎಷ್ಟೋ ದಿನಗಳ ಮೇಲೆ ಅವಳು ನಿದ್ದೆ ಮಾಡುತ್ತಿದ್ದಳು.

ಪೇಟೆ ಹತ್ತಿರವಾದಾಗ ಡಿಕ್ಕಿಯಲ್ಲಿ ಕೂತವರು ರೂಢಿಯಂತೆ ಬಾಡಿಗೆ ದುಡ್ಡು ಸೇರಿಸಿ ಮುಂದಕ್ಕೆ ದಾಟಿಸಿದರು. ಹಿಂದಿನ ಸೀಟಿನವರು ತಮ್ಮದನ್ನೂ ಸೇರಿಸಿದರು. ನೋಟುಗಳು ಅವನ ಭುಜದ ಹತ್ತಿರ ಬಂದವು. ರಸ್ತೆಯ ಮೇಲೆ ಕಣ್ಣಿಟ್ಟಿದ್ದ ಗಚಾಂಜನ ಎಡಗೈ ತಾನಾಗಿಯೇ ಹಿಂದಕ್ಕೆ ಹೋಯಿತು, ತೆಗೆದುಕೊಂಡಿತು, ಅಂಗಿಯ ಜೇಬಿಗೆ ಹಾಕಿತು. ಮೂವತ್ತು ವರ್ಷ ಮಾಡಿದ ಕೆಲಸ. ಜೇಬಿಗೆ ಹಾಕಿದ್ದು ಅವನಿಗೆ ಗೊತ್ತಾಗಲೂ ಇಲ್ಲ.

ಆಸ್ಪತ್ರೆಯ ಗೇಟಿನ ಮುಂದೆ ನಿಲ್ಲಿಸಿದಾಗ ನ್ಯಾಗುಥಿ, "ಏಳಮ್ಮ, ಭುಜ ಜೋಮು ಹಿಡೀತು," ಎಂದು ಅಲುಗಿಸಿದಳು. ತಲೆ ಭುಜದಿಂದ ಜಾರಿ ಅವಳ ಮಡಿಲಿಗೆ ಬಿತ್ತು. ಕಂಬಳಿ ಸರಿಯಿತು. ಆಗ ನ್ಯಾಗುಥಿ ಮುಖ ನೋಡಿದಳು, ಗುರುತು ಹಿಡಿದಳು, ಮತ್ತು ಪೇಟೆಯ ಅರ್ಧಕ್ಕೆ ಕೇಳುವಂತೆ ಕಿರುಚಿದಳು.

"ನಿನ್ನ ಹೆಂಡತಿ ಅಲ್ವೇನೋ ಇವಳು! ಹೆಣದ ಪಕ್ಕ ನನ್ನ ಕೂರಿಸಿ ನನ್ನ ಹತ್ರನೇ ಬಾಡಿಗೆ ಇಸ್ಕೊಂಡ್ಯಲ್ಲೋ ಪಾಪಿ!"

ಸಂತೆಯಲ್ಲಿ ಅವತ್ತು ಆಲೂಗಡ್ಡೆಗಿಂತ ಈ ಸುದ್ದಿ ಹೆಚ್ಚು ಮಾರಾಟವಾಯಿತು. ಸಂಜೆಯೊಳಗೆ ಅದಕ್ಕೆ ಬಾಲ ಬಂತು, ಕೋಡು ಬಂತು. ಚಿಲ್ಲರೆ ಇಲ್ಲ ಎಂದು ಸತ್ತವಳ ಶಾಲಿನ ಗಂಟಿನಿಂದ ಬಿಚ್ಚಿ ಕೊಟ್ಟನಂತೆ. ದಾರಿಯಲ್ಲಿ ಅವಳು ಇಳಿಸು ಇಳಿಸು ಎಂದು ಅತ್ತಳಂತೆ. ಗಚಾಂಜ ಎಲ್ಲರಿಗೂ ಹೇಳಿದ, ಅವಳೇ ಕೇಳಿದ್ದು, ಕಾರು ಮೆತ್ತಗಾಗಲಿ ಎಂದು. ಸ್ಪ್ರಿಂಗಿನ ವಿಷಯ ಬಿಡಿಸಿ ಹೇಳಿದ. ಹೆಂಡತಿ ಸತ್ತ ದಿನ ಸ್ಪ್ರಿಂಗಿನ ಮಾತಾಡುವ ಗಂಡಸನ್ನು ಯಾರು ನಂಬುತ್ತಾರೆ?

ಮಣ್ಣು ಮಾಡುವ ದಿನ ವಾರಿಗಿಯಳ ಅಣ್ಣ ಕಿನೂಥಿಯ ಬಂದ. ಪಾದ್ರಿ ಪ್ರಾರ್ಥನೆ ಮುಗಿಸಿ, ಗಂಡನಾದವನು ಮೊದಲ ಹಿಡಿ ಮಣ್ಣು ಹಾಕಲು ಮುಂದೆ ಬಂದಾಗ, ಅವನು ಗಚಾಂಜನ ರಟ್ಟೆ ಹಿಡಿದು ನಿಲ್ಲಿಸಿದ.

"ಸ್ವಲ್ಪ ತಡಿ ಭಾವ. ಅವತ್ತು ಎಲ್ರೂ ಬಾಡಿಗೆ ಕೊಟ್ರಂತೆ. ನನ್ನ ತಂಗಿ ಒಬ್ಬಳೇ ಕೊಡ್ಲಿಲ್ವಂತೆ." ಜೇಬಿನಿಂದ ನೂರು ಶಿಲ್ಲಿಂಗಿನ ನೋಟು ತೆಗೆದು ಗಚಾಂಜನ ಇಸ್ತ್ರಿ ಮಾಡಿದ ಅಂಗಿಯ ಜೇಬಿಗೆ ತುರುಕಿದ. "ತಗೋ. ನಮ್ಮ ಮನೆಯವರು ಯಾರ ಬಾಕಿನೂ ಇಟ್ಕೊಳ್ಳಲ್ಲ."

ಅಳುತ್ತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಗಚಾಂಜ ಆ ನೋಟನ್ನು ಜೇಬಿನಲ್ಲಿಟ್ಟುಕೊಂಡೇ ಮಣ್ಣು ಹಾಕಿದ.

ಆಮೇಲೆ ಯಾರೂ ಅವನ ಕಾರು ಹತ್ತಲಿಲ್ಲ. ಸ್ಟೇಜಿನಲ್ಲಿ ಅವನು ಬಂದರೆ ಹೆಂಗಸರು ಮೂಟೆಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಅದನ್ನೆಲ್ಲ ಅವನು ಹೇಗೋ ಸಹಿಸಿಕೊಂಡ. ಸಹಿಸಲಾಗದ್ದು ತಬಿಥಾಳ ಮೌನ. ಇಪ್ಪತ್ತರ ಹುಡುಗಿ, ದೂರದ ಊರಿನಲ್ಲಿ ಶಿಕ್ಷಕಿಯ ತರಬೇತಿಗೆ ಓದುತ್ತಿದ್ದವಳು, ತಾಯಿಯ ಸಾವಿಗೆ ಬಂದು ಮನೆಯಲ್ಲೇ ಇದ್ದಳು. ಅಡುಗೆ ಮಾಡುತ್ತಿದ್ದಳು, ಅವನ ತಟ್ಟೆಗೆ ಮೆಕ್ಕೆಜೋಳ ಕಾಳು ಬೇಯಿಸಿದ ಗಿಥೇರಿ ಬಡಿಸಿ, ತನ್ನ ಪಾಲನ್ನು ಹೊರಗೆ ಒಲೆಯ ಹತ್ತಿರ ಕೂತು ತಿನ್ನುತ್ತಿದ್ದಳು. ಮಾವ ಕಿನೂಥಿಯ ತನ್ನ ಮನೆಗೆ ಬಾ ಎಂದು ಕರೆದಿದ್ದ. ಹೋದರೆ ಮತ್ತೆ ಬರುವುದಿಲ್ಲವೆಂದು ಗಚಾಂಜನಿಗೆ ಗೊತ್ತಿತ್ತು. ಊರು ಹಾಳಾಗಲಿ, ಈ ಒಂದು ಜೀವ ತನ್ನನ್ನು ನಂಬಿದರೆ ಸಾಕೆಂದು ದಿನಾ ಬೇಡಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಅವಳು ಬ್ಯಾಗು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಅಪ್ಪ, ನಿಜ ಹೇಳು. ಅಮ್ಮನೇ ಕೇಳಿದ್ದಾ, ಇಲ್ಲಾ ನೀನು ಕಟ್ಟಿದ್ದಾ?"

"ಅವಳಾಣೆಗೂ ಅವಳೇ ಕೇಳಿದ್ದು ಮಗಾ. ಖಾಲಿ ಇದ್ರೆ ಈ ಕಾರು ಹ್ಯಾಗೆ ಒದೆಯುತ್ತೆ ಅಂತ ನಿಂಗೆ ಗೊತ್ತಿಲ್ಲ. ನೀನು ಯಾವಾಗ್ಲೂ ತುಂಬಿರುವಾಗ್ಲೇ ಕೂತಿದ್ದು. ಬಾ, ಒಂದ್ಸಲ ಕೂತು ನೋಡು. ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗು."

ಅವಳು ತಾಯಿ ಕೂರುತ್ತಿದ್ದ ಜಾಗದಲ್ಲೇ ಕೂತಳು. ಗಚಾಂಜ ಅದೇ ರಸ್ತೆಯಲ್ಲಿ, ಅಷ್ಟೇ ನಿಧಾನವಾಗಿ ಹೊರಟ. ಗೇಟು ದಾಟಿದ ಕೂಡಲೇ ಕಾರು ಅವಳನ್ನು ಎತ್ತಿ ಬಾಗಿಲಿಗೆ ಹೊಡೆಯಿತು. ಅವಳು ಹಿಡಿ ಹಿಡಿದುಕೊಂಡಳು. ಇಳಿಜಾರಿನಲ್ಲಿ ನಾಲಿಗೆ ಕಚ್ಚಿಕೊಂಡಳು, ತುಟಿಯಲ್ಲಿ ರಕ್ತ ಕಾಣಿಸಿತು. ಎಳೆಯ ಗಟ್ಟಿ ಬೆನ್ನು ಅವಳದು, ಆದರೂ ಒಂದೊಂದು ಹೊಂಡಕ್ಕೂ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಸ್ಟೇಜು ದಾಟಿ ಸ್ವಲ್ಪ ಮುಂದೆ ಹೋದ ಮೇಲೆ, "ನಿಲ್ಸು ಅಪ್ಪ," ಎಂದಳು.

ನಿಲ್ಲಿಸಿದ.

"ನಂಬಿದೆ. ಅಮ್ಮನೇ ಕೇಳಿರ್ಬೇಕು. ಯಾರಾದ್ರೂ ಕೇಳ್ತಾರೆ."

ಗಚಾಂಜ ಹಣೆಯನ್ನು ಸ್ಟೇರಿಂಗಿಗೆ ಒತ್ತಿದ. ಅಷ್ಟು ದಿನ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಬಿಕ್ಕಳಿಕೆ ಬಂತು. ದೇವರು ದೊಡ್ಡವನು ಎಂದು ಗೊಣಗಿದ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು. ಬೆನ್ನು ಸವರುತ್ತಿದ್ದ ಆ ಕೈ ಸ್ವಲ್ಪ ಹೊತ್ತಿಗೆ ನಿಂತಿತು.

"ಮತ್ತೆ ಅದಕ್ಕೆ ಮೊದಲು?"

"ಏನು ಮೊದಲು?"

"ತಿಂಗಳು ತಿಂಗಳೂ ಕರ್ಕೊಂಡು ಹೋಗ್ತಿದ್ಯಲ್ಲ. ಆಗೆಲ್ಲ ಕಾರು ಹೀಗೇ ಖಾಲಿ ಇತ್ತಾ?"

ಅವನು ತಲೆ ಎತ್ತಲಿಲ್ಲ. "ಇತ್ತು."

"ಖಾಲಿ ಇದ್ರೆ ಒದೆಯುತ್ತೆ ಅಂತ ನಿಂಗೆ ಆಗ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ ಎಂದರೆ ಮುಗಿಯುತ್ತಿತ್ತು. ಅವಳಿಗೂ ಆ ಉತ್ತರವೇ ಬೇಕಿತ್ತು, ದನಿಯಲ್ಲೇ ತಿಳಿಯುತ್ತಿತ್ತು. ಆದರೆ ನಿಜ ಹೇಳುತ್ತೇನೆಂದು ಇಷ್ಟು ದಿನ ಊರಿಗೆಲ್ಲ ಅಂಗಲಾಚಿದ್ದ ಬಾಯಿಗೆ ಸುಳ್ಳು ಬರಲಿಲ್ಲ.

"ಗೊತ್ತಿತ್ತು."

"ಹೋಗ್ಲಿ, ಜನ ಬೇಡ. ಡಿಕ್ಕೀಲಿ ನಾಲ್ಕು ಆಲೂಗಡ್ಡೆ ಮೂಟೆ ಹಾಕ್ಕೊಂಡಿದ್ರೂ ಆಗ್ತಿತ್ತಲ್ಲ ಅಪ್ಪ. ಮನೇಲೇ ಇದ್ದವು."

"ಹೆಂಡತಿ ಆಸ್ಪತ್ರೆಗೆ, ಮೂಟೆ ಮಾರ್ಕೆಟ್ಟಿಗೆ ಅಂತ ಆಡ್ಕೊಳ್ತಾರೆ ಅಂತ..."

"ಅಮ್ಮನ ಶಾಲಿನ ತುದಿ ತುಂಬ ಹಲ್ಲಿನ ಗುರುತಿದೆ. ಅವಳು ಅದನ್ನ ಕಚ್ಚಿಕೊಂಡು ಕೂತಿದ್ದು ನಿಂಗೆ ಕಾಣ್ಲಿಲ್ವಾ?"

"ಕಾಣ್ತಿತ್ತು."

"ಮತ್ತೆ?"

"ಸ್ಟೇಜಲ್ಲಿ ಜನ ನೋಡ್ತಿದ್ರು ಮಗಾ," ಎಂದ ಗಚಾಂಜ. "ಒಳ್ಳೇವನು ಅಂತಿದ್ರು."

ತಬಿಥಾ ಅವನ ಬೆನ್ನಿನ ಮೇಲಿದ್ದ ಕೈ ತೆಗೆದಳು. ಅವನು ಇನ್ನೇನಾದರೂ ಹೇಳುತ್ತಾನೇನೋ ಎಂದು ಕಾದಳು. ಅವಳು ಬ್ಯಾಗು ತೆಗೆದುಕೊಂಡು ಬಾಗಿಲು ತೆರೆದಳು.